ಆ್ಯಪ್ ಒಳಗಿನ ಬ್ರೌಸರ್: ಡೆಸ್ಕ್‌ಟಾಪಲ್ಲಿ ಒಂದು ಥರ, ಫೋನಲ್ಲಿ ಇನ್ನೊಂದು ಥರ

ಡೆಸ್ಕ್‌ಟಾಪ್ ಆ್ಯಪ್ ಒಳಗೆ ಒಂದು ವೆಬ್ ಪೇಜ್ ಕೂರ್ಸಿ, ಎಲ್ಲಾ ಚೆನ್ನಾಗಿ ಓಡ್ತಿದೆ ಅಂತ ಖುಷಿಪಟ್ಟು, ಅದೇ ಪೇಜನ್ನ ಮೊಬೈಲ್ ಆ್ಯಪ್‌ಗೆ ಹಾಕಿದ್ರೆ ಬಿಳಿ ಸ್ಕ್ರೀನ್. ಇಲ್ಲಾ ಅಂದ್ರೆ ಪೇಜ್ ಬರತ್ತೆ ಆದ್ರೆ ಫೈಲ್ ಅಪ್‌ಲೋಡ್ ಬಟನ್ ಒತ್ತಿದ್ರೆ ಏನೂ ಆಗಲ್ಲ, ಅಲರ್ಟ್ ಬರಲ್ಲ, ಲಾಗಿನ್ ಪೇಜ್ ಈ ಬ್ರೌಸರಿಂದ ಒಳಗೆ ಬಿಡಲ್ಲ ಅಂತ ಹೇಳತ್ತೆ. ಈ ಕೆಲಸಕ್ಕೆ ಕೈ ಹಾಕಿದ ಎಲ್ರಿಗೂ ಒಂದಲ್ಲ ಒಂದಿನ ಇದು ಆಗಿರತ್ತೆ, ನನಗಂತೂ ಎಲ್ಲಾನೂ ಆಗಿದೆ. ಹಂಗಾಗಿ ನಾನು ಈಗ ಹೊಸ ಆ್ಯಪ್ ಶುರು ಮಾಡ್ಬೇಕಾದ್ರೆ ಯಾವ ಕ್ರಮದಲ್ಲಿ ಯೋಚ್ನೆ ಮಾಡ್ತೀನೋ ಅದೇ ಕ್ರಮದಲ್ಲಿ ಇಲ್ಲಿ ಬರೀತೀನಿ.

ಹೆಜ್ಜೆ 1: ಎಂಜಿನ್ ಯಾರ ಕೈಯಲ್ಲಿದೆ ನೋಡ್ಕೊಳ್ಳಿ

ಎಲ್ಲಾ ವ್ಯತ್ಯಾಸನೂ ಹುಟ್ಟೋದು ಇಲ್ಲೇ. ಡೆಸ್ಕ್‌ಟಾಪಲ್ಲಿ ಬ್ರೌಸರ್ ಎಂಜಿನನ್ನ, ಅಂದ್ರೆ ಪೇಜಿನ ಕೋಡ್ ಓದಿ ಸ್ಕ್ರೀನ್ ಮೇಲೆ ಬಿಡ್ಸೋ ಭಾಗಾನ, ನೀವೇ ಆರಿಸ್ಕೋಬಹುದು, ಬೇಕಾದ್ರೆ ಪೂರ್ತಿ ಕ್ರೋಮಿಯಮ್ಮನ್ನೇ (ಕ್ರೋಮ್ ಬ್ರೌಸರಿನ ಬುನಾದಿ) ಆ್ಯಪ್ ಜೊತೆ ಪ್ಯಾಕ್ ಮಾಡಿ ಕೊಡಬಹುದು. ಫೋನಲ್ಲಿ ಸಾಮಾನ್ಯವಾಗಿ ಎಂಜಿನ್ ಸಿಸ್ಟಮ್‌ದು, ನೀವು ಬಾಡಿಗೆಗೆ ಇರೋರು. ಮನೆ ಓನರ್ ಯಾವಾಗ ಗೋಡೆಗೆ ಬಣ್ಣ ಬಳೀತಾನೆ, ಯಾವಾಗ ಪೈಪ್ ಬದಲಾಯಿಸ್ತಾನೆ ಅನ್ನೋದು ನಿಮ್ಮ ಕೈಯಲ್ಲಿಲ್ಲ.

ಐಫೋನಲ್ಲಂತೂ ವೆಬ್‌ಕಿಟ್ (ಸಫಾರಿಯ ಎಂಜಿನ್) ಬಿಟ್ಟು ಬೇರೆ ಎಂಜಿನ್ ಹಾಕೋ ಹಾಗೇ ಇರ್ಲಿಲ್ಲ, 2024ರ ಮಾರ್ಚಲ್ಲಿ ಐಒಎಸ್ 17.4 ಬಂದ ಮೇಲೆ ಯುರೋಪಿಯನ್ ಯೂನಿಯನ್ ಒಳಗೆ, ಆಮೇಲೆ ಜಪಾನಲ್ಲೂ, ಸ್ವಲ್ಪ ಬಾಗಿಲು ತೆಗೆದಿದಾರೆ, ಅದಕ್ಕೂ ಅನುಮತಿ ಗಿನುಮತಿ ಅಂತ ನೂರೆಂಟು ಇದೆ. ಐಫೋನಲ್ಲಿ ವೆಬ್‌ಕಿಟ್ ಅಪ್‌ಡೇಟ್ ಬರೋದು ಐಒಎಸ್ ಅಪ್‌ಡೇಟ್ ಜೊತೆಗೇ, ಅಂದ್ರೆ ಯೂಸರ್ ಫೋನ್ ಅಪ್‌ಡೇಟ್ ಮಾಡದೆ ಕೂತ್ರೆ ಎಂಜಿನ್ನೂ ಹಳೇದೇ. ಆಂಡ್ರಾಯ್ಡಲ್ಲಿ ಕತೆ ಬೇರೆ. 2013ರಲ್ಲಿ ಬಂದ 4.4ರಿಂದ ವೆಬ್‌ವ್ಯೂ (ಆ್ಯಪ್ ಒಳಗೆ ವೆಬ್ ಪೇಜ್ ತೋರ್ಸೋ ಭಾಗ) ಕ್ರೋಮಿಯಮ್ ಮೇಲೆ ನಿಂತಿದೆ, 2014ರ 5.0ರಿಂದ ಅದು ಸಿಸ್ಟಮ್ಮಿಂದ ಬೇರೆಯಾಗಿ ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗ್ತಿದೆ. ಹಳೇ ಫೋನಲ್ಲೂ ಹೊಸ ಎಂಜಿನ್ ಸಿಗತ್ತೆ ಅನ್ನೋದು ಲಾಭ. ನಷ್ಟ ಏನು ಅಂದ್ರೆ 2021ರ ಮಾರ್ಚಲ್ಲಿ ಆದ ಹಾಗೆ ಒಂದು ಕೆಟ್ಟ ವೆಬ್‌ವ್ಯೂ ಅಪ್‌ಡೇಟ್ ಬಂದ್ರೆ, ನೀವು ಒಂದು ಸಾಲು ಕೋಡೂ ಮುಟ್ಟದೇ ಇದ್ರೂ ನಿಮ್ಮ ಆ್ಯಪ್ ಓಪನ್ ಆದ ತಕ್ಷಣ ಬಿದ್ದು ಹೋಗತ್ತೆ. ಆಗ ಲೆಕ್ಕವಿಲ್ಲದಷ್ಟು ಆ್ಯಪ್‌ಗಳಿಗೆ ಹಂಗೇ ಆಯ್ತು, ಬೈಸ್ಕೊಂಡೋರು ಆ್ಯಪ್ ಮಾಡಿದೋರು.

ಹೆಜ್ಜೆ 2: ನಿಜವಾಗ್ಲೂ ಒಳಗೆ ಕೂರ್ಸಬೇಕಾ ಅಂತ ಕೇಳ್ಕೊಳ್ಳಿ

ಇದನ್ನ ಯಾರೂ ಕೇಳ್ಕೊಳ್ಳಲ್ಲ. ಸಹಾಯ ಪೇಜು, ಷರತ್ತುಗಳ ಪೇಜು, ಹೊರಗಿನ ಯಾವ್ದೋ ಲೇಖನ, ಇಂಥದ್ದನ್ನ ತೋರ್ಸೋಕೆ ವೆಬ್‌ವ್ಯೂ ಬೇಡ. ಆಂಡ್ರಾಯ್ಡಲ್ಲಿ ಕಸ್ಟಮ್ ಟ್ಯಾಬ್ಸ್ ಇದೆ, ಐಫೋನಲ್ಲಿ ಸಫಾರಿ ವ್ಯೂ ಕಂಟ್ರೋಲರ್ ಇದೆ, ಎರಡೂ 2015ರಲ್ಲೇ ಬಂದಿದ್ದು, ನಿಜವಾದ ಬ್ರೌಸರನ್ನೇ ಆ್ಯಪ್ ಮೇಲೆ ತೋರ್ಸತ್ತೆ. ಬ್ಯಾಕ್ ಬಟನ್, ಶೇರ್, ಡೌನ್‌ಲೋಡ್, ಭದ್ರತೆ ಎಲ್ಲಾ ಬ್ರೌಸರೇ ನೋಡ್ಕೊಳ್ಳತ್ತೆ. ಡೆಸ್ಕ್‌ಟಾಪಲ್ಲಿ ಆದ್ರೆ ಇನ್ನೂ ಸುಲಭ, ಲಿಂಕನ್ನ ಯೂಸರ್‌ನ ಡೀಫಾಲ್ಟ್ ಬ್ರೌಸರಿಗೆ ಕಳಿಸಿಬಿಡಿ, ಅಲ್ಲಿ ವಿಂಡೋ ಪಕ್ಕ ವಿಂಡೋ ಇರೋದ್ರಿಂದ ಆ್ಯಪ್ ಬಿಟ್ಟು ಹೋದ್ರು ಅನ್ನೋ ಭಾವನೆ ಬರಲ್ಲ.

ಲಾಗಿನ್ ವಿಷ್ಯಕ್ಕೆ ಬಂದ್ರೆ ಇದು ಬರೀ ಸಲಹೆ ಅಲ್ಲ, ನಿಯಮಾನೇ. 2017ರಲ್ಲಿ ಬಂದ ಆರ್‌ಎಫ್‌ಸಿ 8252 (ಇಂಟರ್ನೆಟ್ ಮಾನದಂಡದ ಒಂದು ದಾಖಲೆ) ಓಆಥ್ ಲಾಗಿನ್ನನ್ನ, ಅಂದ್ರೆ ಗೂಗಲ್ ಥರ ಬೇರೆ ಸೇವೆಯ ಖಾತೆಯಿಂದ ಒಳಗೆ ಬರೋದನ್ನ, ಆ್ಯಪ್ ಒಳಗಿನ ವೆಬ್‌ವ್ಯೂನಲ್ಲಿ ಮಾಡ್ಬಾರ್ದು ಅಂತ ನೇರವಾಗಿ ಹೇಳತ್ತೆ. ಗೂಗಲ್ ಲಾಗಿನ್ ಕೂಡ ಅದೇ ವರ್ಷದಿಂದ ವೆಬ್‌ವ್ಯೂಗಳನ್ನ ತಡೀತಾ ಬಂದಿದೆ. ಕಾರಣ ಸರಳ, ವೆಬ್‌ವ್ಯೂ ಒಳಗೆ ಯೂಸರ್ ಪಾಸ್‌ವರ್ಡ್ ಟೈಪ್ ಮಾಡಿದ್ರೆ ಅದನ್ನ ಆ್ಯಪ್ ಓದಬಹುದು, ಮೇಲೆ ಅಡ್ರೆಸ್ ಬಾರೂ ಇರಲ್ಲ, ಯಾವ ಸೈಟಲ್ಲಿ ಇದೀನಿ ಅಂತ ಯೂಸರಿಗೆ ಗೊತ್ತೇ ಆಗಲ್ಲ. ಇನ್ನೊಂದು, ಆಂಡ್ರಾಯ್ಡ್ ವೆಬ್‌ವ್ಯೂನ ಕುಕೀಸು (ಲಾಗಿನ್ ನೆನಪಿಡೋ ಚಿಕ್ಕ ಡೇಟಾ) ಕ್ರೋಮ್ ಕುಕೀಸಿಂದ ಪೂರ್ತಿ ಬೇರೆ, ಐಫೋನಲ್ಲೂ ಡಬ್ಲ್ಯೂಕೆ ವೆಬ್‌ವ್ಯೂ (ಆ್ಯಪಲ್ ಕಂಪನಿಯ ವೆಬ್‌ವ್ಯೂ) ಸಫಾರಿ ಕುಕೀಸು ಮುಟ್ಟಲ್ಲ, ಸಫಾರಿ ವ್ಯೂ ಕಂಟ್ರೋಲರ್ ಕೂಡ ಐಒಎಸ್ 11ರಿಂದ ಬೇರೆ ಡಬ್ಬಿ ಇಟ್ಕೊಂಡಿದೆ. ಹಂಗಾಗಿ ಬ್ರೌಸರಲ್ಲಿ ಆಗಲೇ ಲಾಗಿನ್ ಆಗಿದೀನಲ್ಲ, ಮತ್ತೆ ಯಾಕೆ ಕೇಳತ್ತೆ ಅಂತ ಯೂಸರ್ ಗೊಣಗೋದು ತಪ್ಪಬೇಕು ಅಂದ್ರೆ ಐಫೋನಲ್ಲಿ ವೆಬ್ ಅಥೆಂಟಿಕೇಶನ್ ಸೆಷನ್, ಆಂಡ್ರಾಯ್ಡಲ್ಲಿ ಕಸ್ಟಮ್ ಟ್ಯಾಬ್ಸ್, ಡೆಸ್ಕ್‌ಟಾಪಲ್ಲಿ ಹೊರಗಿನ ಬ್ರೌಸರ್ ತೆಗೆದು ಲೋಕಲ್‌ಹೋಸ್ಟಿಗೆ (ಅದೇ ಕಂಪ್ಯೂಟರಿನ ಅಡ್ರೆಸ್) ವಾಪಸ್ ಕರ್ಸ್ಕೊಳ್ಳೋದು. ಬೇರೆ ದಾರಿ ಹುಡುಕೋಕೆ ಹೋಗ್ಬೇಡಿ, ಯೂಸರ್ ಏಜೆಂಟ್ (ತಾನು ಯಾವ ಬ್ರೌಸರ್ ಅಂತ ಸೈಟಿಗೆ ಹೇಳೋ ಸಾಲು) ಬದಲಾಯಿಸಿ ಮೋಸ ಮಾಡೋದು ಇವತ್ತು ನಡೆದ್ರೂ ನಾಳೆ ನಿಲ್ಲತ್ತೆ.

ಹೆಜ್ಜೆ 3: ಡೆಸ್ಕ್‌ಟಾಪಲ್ಲಿ ಎಂಜಿನ್ ಆರ್ಸೋದು

ವಿಂಡೋಸಲ್ಲಿ ಹಳೇ ವೆಬ್‌ಬ್ರೌಸರ್ ಕಂಟ್ರೋಲ್ ಇನ್ನೂ ಸಿಗತ್ತೆ, ಟೂಲ್‌ಬಾಕ್ಸಿಂದ ಎಳೆದು ಫಾರ್ಮ್ ಮೇಲೆ ಬಿಟ್ರೆ ಕೆಲಸಾನೂ ಮಾಡತ್ತೆ, ಅದೇ ಅಪಾಯ. ಅದರೊಳಗೆ ಇರೋದು ಇಂಟರ್ನೆಟ್ ಎಕ್ಸ್‌ಪ್ಲೋರರ್, ಅದೂ ನೀವು ರಿಜಿಸ್ಟ್ರಿಯಲ್ಲಿ ಬ್ರೌಸರ್ ಎಮ್ಯುಲೇಶನ್ ಅನ್ನೋ ಕೀಗೆ 11001 ಅಂತ ಹಾಕದೇ ಇದ್ರೆ ಐಇ 7ರ ಥರ ವರ್ತಿಸತ್ತೆ. ಈಗಿನ ಯಾವ ಜಾವಾಸ್ಕ್ರಿಪ್ಟೂ ಅದ್ರಲ್ಲಿ ಓಡಲ್ಲ. ಹೊಸ ಆ್ಯಪ್ ಅಂದ್ರೆ ಆ ಕಡೆ ತಿರುಗಿಯೂ ನೋಡ್ಬೇಡಿ.

ಉಳಿದಿದ್ದು ಎರಡು ದಾರಿ. ಒಂದು ಸಿಸ್ಟಮಲ್ಲಿ ಇರೋದನ್ನೇ ಬಳ್ಸೋದು: ವಿಂಡೋಸಲ್ಲಿ ವೆಬ್‌ವ್ಯೂ2, ಮ್ಯಾಕಲ್ಲಿ ಡಬ್ಲ್ಯೂಕೆ ವೆಬ್‌ವ್ಯೂ, ಲಿನಕ್ಸಲ್ಲಿ ವೆಬ್‌ಕಿಟ್ ಜಿಟಿಕೆ. ಟೌರಿ ಅನ್ನೋ ಫ್ರೇಮ್‌ವರ್ಕ್ ಮಾಡೋದು ಇದನ್ನೇ, ಅದಕ್ಕೇ ಅದರ ಇನ್‌ಸ್ಟಾಲರ್ ಕೆಲವೇ ಎಂಬಿ. ಆದ್ರೆ ಮೂರು ಸಿಸ್ಟಮಲ್ಲಿ ಎರಡು ಬೇರೆ ಎಂಜಿನ್ ಮನೆತನ ಇರತ್ತೆ, ಒಂದ್ರಲ್ಲಿ ನೆಟ್ಟಗಿದ್ದ ಸಿಎಸ್‌ಎಸ್ ಇನ್ನೊಂದ್ರಲ್ಲಿ ಸೊಟ್ಟಗಾಗತ್ತೆ. ಇನ್ನೊಂದು ದಾರಿ ಎಂಜಿನ್ ಹೊತ್ಕೊಂಡು ಹೋಗೋದು: ಎಲೆಕ್ಟ್ರಾನ್, ಸಿಇಎಫ್, ಕ್ಯೂಟಿ ವೆಬ್‌ಎಂಜಿನ್, ಮೂರರ ಒಳಗೂ ಕ್ರೋಮಿಯಮ್ಮೇ. ಎಲ್ಲಾ ಕಡೆ ಒಂದೇ ಥರ ಕಾಣತ್ತೆ, ನೀವು ಟೆಸ್ಟ್ ಮಾಡಿದ ಆವೃತ್ತಿನೇ ಯೂಸರ್ ಹತ್ರ ಓಡತ್ತೆ. ಬೆಲೆ ಏನಪ್ಪಾ ಅಂದ್ರೆ ಖಾಲಿ ಆ್ಯಪ್ಪೇ ನೂರಾರು ಎಂಬಿ ಆಗತ್ತೆ, ಮತ್ತೆ ಕ್ರೋಮಿಯಮಲ್ಲಿ ಭದ್ರತೆಯ ತೂತು ಸಿಕ್ಕಾಗೆಲ್ಲ ಹೊಸ ಬಿಲ್ಡ್ ಮಾಡಿ ಕಳಿಸೋ ಜವಾಬ್ದಾರಿ ನಿಮ್ಮದು. ಎಲೆಕ್ಟ್ರಾನ್ 8 ವಾರಕ್ಕೊಂದು ದೊಡ್ಡ ಆವೃತ್ತಿ ಬಿಡತ್ತೆ, ಅದರ ಹಿಂದೆ ಓಡೋಕೆ ತಂಡದಲ್ಲಿ ಜನ ಇಲ್ಲ ಅಂದ್ರೆ ಈ ದಾರಿ ಬೇಡ ಅಂತ ನನ್ನ ಅಭಿಪ್ರಾಯ.

ಸಿಇಎಫ್ ಆರ್ಸ್ಕೊಂಡೋರಿಗೆ ಒಂದು ಕಿವಿಮಾತು, ಅದರ ರೆಡಿಮೇಡ್ ಬಿಲ್ಡಲ್ಲಿ ಎಚ್.264, ಎಎಸಿ (ಎಂಪಿ4ರಲ್ಲಿ ಸಾಮಾನ್ಯವಾಗಿ ಇರೋ ವಿಡಿಯೋ, ಆಡಿಯೋ ಫಾರ್ಮ್ಯಾಟ್) ಇರಲ್ಲ. ಎಲ್ಲಾ ಮುಗ್ಸಿ ಕೊನೇ ದಿನ ಎಂಪಿ4 ವಿಡಿಯೋ ಯಾಕೆ ಓಡ್ತಿಲ್ಲ ಅಂತ ತಲೆ ಕೆರ್ಕೊಳ್ಳೋ ಬದ್ಲು ಮೊದಲನೇ ದಿನಾನೇ ಒಂದು ವಿಡಿಯೋ ಹಾಕಿ ನೋಡಿ.

ವೆಬ್‌ವ್ಯೂ2 ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಾನು ಇದ್ರಲ್ಲಿ ಚೆನ್ನಾಗಿ ಪೆಟ್ಟು ತಿಂದಿದೀನಿ. ಇದು 2020ರ ನವೆಂಬರಲ್ಲಿ ಎಲ್ಲರ ಬಳಕೆಗೆ ಬಂತು, ಒಳಗಿರೋದು ಎಡ್ಜ್‌ನ ಕ್ರೋಮಿಯಮ್. ವಿಂಡೋಸ್ 11ರಲ್ಲಿ ಮೊದಲೇ ಇರತ್ತೆ, ಹಳೇ ವಿಂಡೋಸಲ್ಲಿ ಇಲ್ಲದೇ ಇರಬಹುದು, ಅದಕ್ಕೆ ಇನ್‌ಸ್ಟಾಲರಲ್ಲಿ ರನ್‌ಟೈಮ್ (ಆ ಎಂಜಿನ್ನಿನ ಫೈಲ್‌ಗಳು) ಇದೆಯಾ ಅಂತ ನೋಡಿ ಇಲ್ಲ ಅಂದ್ರೆ ಹಾಕೋ ಹೆಜ್ಜೆ ಸೇರ್ಸಲೇಬೇಕು. ಇನ್ನು ಯೂಸರ್ ಡೇಟಾ ಫೋಲ್ಡರ್. ಕುಕೀಸ್, ಕ್ಯಾಶ್ ಎಲ್ಲಾ ಇಡೋಕೆ ಇದಕ್ಕೊಂದು ಫೋಲ್ಡರ್ ಬೇಕು, ನೀವು ಏನೂ ಹೇಳದೇ ಇದ್ರೆ ಡಾಟ್‌ನೆಟ್ ಆ್ಯಪಲ್ಲಿ ಅದು ಎಕ್ಸೆ ಫೈಲ್ ಪಕ್ಕದಲ್ಲೇ ಫೋಲ್ಡರ್ ಮಾಡೋಕೆ ಹೋಗತ್ತೆ. ನಿಮ್ಮ ಮೆಷಿನಲ್ಲಿ ಪ್ರಾಜೆಕ್ಟ್ ಫೋಲ್ಡರಿಂದ ಓಡ್ಸಿದಾಗ ಬರೆಯೋಕೆ ಅನುಮತಿ ಇರತ್ತೆ, ಎಲ್ಲಾ ಸರಿ. ಯೂಸರ್ ಹತ್ರ ಆ್ಯಪ್ ಪ್ರೋಗ್ರಾಮ್ ಫೈಲ್ಸ್ ಒಳಗೆ ಕೂತಿರತ್ತೆ, ಅಲ್ಲಿ ಬರೆಯೋಕೆ ಬಿಡಲ್ಲ, ಆ್ಯಪ್ ಓಪನ್ ಆಗತ್ತೆ ಬ್ರೌಸರ್ ಜಾಗದಲ್ಲಿ ಖಾಲಿ. ನಾನು ಎರಡು ದಿನ ಪೇಜಲ್ಲಿ ತಪ್ಪು ಹುಡುಕ್ತಾ ಕೂತಿದ್ದೆ. ಪರಿಹಾರ ಒಂದೇ ಸಾಲು: ಎನ್ವಿರಾನ್ಮೆಂಟ್ ಮಾಡುವಾಗಲೇ ಲೋಕಲ್ ಆ್ಯಪ್‌ಡೇಟಾ ಒಳಗಿನ ದಾರಿ ಕೊಡಿ. ಇನ್ನೊಂದು, ರನ್‌ಟೈಮ್ ತಾನೇ ಅಪ್‌ಡೇಟ್ ಆದ್ರೂ ಓಡ್ತಿರೋ ಆ್ಯಪ್ ಹಳೇದನ್ನೇ ಹಿಡ್ಕೊಂಡಿರತ್ತೆ, ವಾರಗಟ್ಟಲೆ ಮುಚ್ಚದ ಆ್ಯಪ್ ಆದ್ರೆ ಹೊಸ ಆವೃತ್ತಿ ಬಂದಿದೆ ಅನ್ನೋ ಈವೆಂಟ್ ಕೇಳ್ಸ್ಕೊಂಡು ರೀಸ್ಟಾರ್ಟ್ ಮಾಡೋಕೆ ಹೇಳಿ.

ಹೆಜ್ಜೆ 4: ಫೋನಲ್ಲಿ ಸ್ವಿಚ್‌ಗಳನ್ನ ನೀವೇ ಹಾಕ್ಬೇಕು

ವೆಬ್‌ವ್ಯೂ2 ಅಥವಾ ಎಲೆಕ್ಟ್ರಾನಲ್ಲಿ ಅಲರ್ಟ್, ಫೈಲ್ ಆರ್ಸೋ ಡೈಲಾಗ್, ಡೌನ್‌ಲೋಡ್ ಇವೆಲ್ಲ ತನ್ನಷ್ಟಕ್ಕೆ ಬರತ್ತೆ. ಅದೇ ಅಭ್ಯಾಸದಲ್ಲಿ ಆಂಡ್ರಾಯ್ಡಿಗೆ ಬಂದ್ರೆ ತಲೆ ಕೆಡತ್ತೆ, ಅಲ್ಲಿ ನಿಮಗೆ ಸಿಗೋದು ಬರೀ ಪೇಜ್ ಬಿಡ್ಸೋ ಒಂದು ಚೌಕ.

ಮೊದಲು ಜಾವಾಸ್ಕ್ರಿಪ್ಟ್ ಆನ್ ಮಾಡಿ, ಹೌದು, ಅದು ಆಫ್ ಆಗಿರತ್ತೆ. ಡಾಮ್ ಸ್ಟೋರೇಜೂ (ಪೇಜ್ ತನ್ನ ಡೇಟಾ ಫೋನಲ್ಲಿ ಇಡೋ ಜಾಗ) ಆಫ್, ಲೋಕಲ್ ಸ್ಟೋರೇಜ್ ನಂಬಿರೋ ಪೇಜು ಬಿಳಿ ಸ್ಕ್ರೀನ್ ತೋರ್ಸೋಕೆ ನಾನು ನೋಡಿದ ಮಟ್ಟಿಗೆ ಇದೇ ಮುಖ್ಯ ಕಾರಣ. ಆಮೇಲೆ ವೆಬ್‌ವ್ಯೂ ಕ್ಲೈಂಟ್ ಹಾಕಿ, ಇಲ್ಲಾಂದ್ರೆ ಲಿಂಕ್ ಒತ್ತಿದಾಗ ಹೊರಗಿನ ಬ್ರೌಸರ್ ತೆಗೆದುಕೊಳ್ಳತ್ತೆ. ವೆಬ್‌ಕ್ರೋಮ್ ಕ್ಲೈಂಟ್ ಹಾಕಿ, ಅದಿಲ್ಲದೆ ಅಲರ್ಟ್, ಕನ್ಫರ್ಮ್ ಯಾವ್ದೂ ಕಾಣಲ್ಲ. ಹೆಸರಲ್ಲಿ ಒಂದೇ ಪದ ವ್ಯತ್ಯಾಸ ಇದ್ರೂ ಇವೆರಡೂ ಬೇರೆ ಬೇರೆ ಕ್ಲಾಸು, ಹೊಸಬರು ಒಂದು ಹಾಕಿ ಇನ್ನೊಂದು ಮರೀತಾರೆ. ಫೈಲ್ ಅಪ್‌ಲೋಡಿಗೆ ಆನ್ ಶೋ ಫೈಲ್ ಚೂಸರ್ ಅನ್ನೋದನ್ನ ನೀವೇ ಬರೀಬೇಕು, ಕ್ಯಾಮೆರಾ ಮೈಕಿಗೆ ಆನ್ ಪರ್ಮಿಶನ್ ರಿಕ್ವೆಸ್ಟ್, ಅದರ ಮೇಲೆ ಆ್ಯಪಿನ ಸ್ವಂತ ಪರ್ಮಿಶನ್ನೂ ಬೇರೆ ಕೇಳ್ಬೇಕು, ಡೌನ್‌ಲೋಡಿಗೆ ಡೌನ್‌ಲೋಡ್ ಲಿಸನರ್. ಬ್ಯಾಕ್ ಒತ್ತಿದ್ರೆ ಹಿಂದಿನ ಪೇಜಿಗೆ ಹೋಗ್ಬೇಕಾ ಆ್ಯಪ್ ಮುಚ್ಬೇಕಾ ಅಂತ ತೀರ್ಮಾನ ಮಾಡೋದೂ ನಿಮ್ಮ ಕೆಲಸ. ಫೋನ್ ಅಡ್ಡ ತಿರುಗಿಸಿದ್ರೆ ಆ್ಯಕ್ಟಿವಿಟಿ (ಆ್ಯಪಿನ ಆ ಸ್ಕ್ರೀನು) ಮತ್ತೆ ಹುಟ್ಟಿ, ಅರ್ಧ ತುಂಬಿದ ಫಾರ್ಮ್ ಹೋಗೇ ಹೋಗತ್ತೆ, ಅದನ್ನೂ ನೋಡ್ಕೊಳ್ಳಿ. ಆ್ಯಪ್ ಆಂಡ್ರಾಯ್ಡ್ 9 ಇಲ್ಲಾ ಅದಕ್ಕಿಂತ ಹೊಸದನ್ನ ಟಾರ್ಗೆಟ್ ಮಾಡಿದ್ರೆ ಎಚ್‌ಟಿಟಿಪಿಎಸ್ ಅಲ್ಲದ ಬರೀ ಎಚ್‌ಟಿಟಿಪಿ ಅಡ್ರೆಸ್‌ಗಳು ಡೀಫಾಲ್ಟಾಗಿ ಬ್ಲಾಕ್.

ಐಫೋನಲ್ಲಿ ಜಾವಾಸ್ಕ್ರಿಪ್ಟ್ ಆನ್ ಇರತ್ತೆ, ಫೈಲ್ ಆರ್ಸೋದೂ ತಾನೇ ಬರತ್ತೆ. ತಮಾಷೆ ಏನಂದ್ರೆ ಅದೇ ಡಬ್ಲ್ಯೂಕೆ ವೆಬ್‌ವ್ಯೂ ಮ್ಯಾಕಲ್ಲಿ ಫೈಲ್ ಆರ್ಸೋ ಪ್ಯಾನೆಲ್ ತಾನಾಗಿ ತೆಗೆಯಲ್ಲ, ಅಲ್ಲಿ ಡೆಲಿಗೇಟ್ (ವೆಬ್‌ವ್ಯೂ ಕೇಳಿದ್ದಕ್ಕೆ ಉತ್ತರ ಕೊಡೋ ನಿಮ್ಮ ಕೋಡ್) ಬರೀಬೇಕು. ಅಲರ್ಟ್, ಕನ್ಫರ್ಮಿಗೆ ಎರಡು ಕಡೆನೂ ಯುಐ ಡೆಲಿಗೇಟ್ ಬೇಕೇ ಬೇಕು, ಹೊಸ ಟ್ಯಾಬಲ್ಲಿ ತೆಗೆಯೋ ಲಿಂಕ್‌ಗಳು ಒತ್ತಿದ್ರೂ ಸತ್ತಂಗೆ ಇರತ್ತೆ, ಅದಕ್ಕೂ ಅದೇ ಮದ್ದು. ವಿಡಿಯೋ ಪೇಜಿನ ಒಳಗೇ ಓಡ್ಬೇಕು ಅಂದ್ರೆ ಇನ್‌ಲೈನ್ ಪ್ಲೇಬ್ಯಾಕ್ ಆನ್ ಮಾಡಿ, ಅದೂ ವೆಬ್‌ವ್ಯೂ ಹುಟ್ಟೋ ಮೊದ್ಲೇ ಕಾನ್ಫಿಗರೇಶನಲ್ಲಿ, ಆಮೇಲೆ ಬದಲಾಯ್ಸಿದ್ರೆ ಕೇಳಲ್ಲ. ಹಳೇ ಯುಐ ವೆಬ್‌ವ್ಯೂ ಕೋಡ್ ಎಲ್ಲಾದ್ರೂ ಕಂಡ್ರೆ ಕಿತ್ತಾಕಿ, 2020ರ ಏಪ್ರಿಲಿಂದ ಅದಿರೋ ಹೊಸ ಆ್ಯಪನ್ನ ಸ್ಟೋರ್ ತಗೊಳ್ತಿಲ್ಲ. ಬರೀ ವೆಬ್‌ಸೈಟನ್ನ ಸುತ್ತಿ ಆ್ಯಪ್ ಅಂತ ಕಳಿಸಿದ್ರೂ ಕನಿಷ್ಠ ಉಪಯುಕ್ತತೆ ಅನ್ನೋ 4.2 ನಿಯಮದ ಕೆಳಗೆ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಹೆಜ್ಜೆ 5: ಪೇಜಿಗೂ ಆ್ಯಪಿಗೂ ಮಧ್ಯೆ ಬ್ರಿಡ್ಜ್

ಪೇಜಿಂದ ಆ್ಯಪಿಗೆ ಮಾತಾಡೋ ದಾರಿ ಎಲ್ಲಾ ಕಡೆ ಇದೆ, ಒಂದೊಂದು ಕಡೆ ಒಂದೊಂದು ಹೆಸರು. ಪೇಜಿನ ಕೋಡಲ್ಲಿ ಇವುಗಳ ಹೆಸರನ್ನ ಎಲ್ಲಾ ಕಡೆ ಚೆಲ್ಲಬೇಡಿ, ಒಂದೇ ಒಂದು ಚಿಕ್ಕ ಫಂಕ್ಷನ್ ಬರೆದು ಅದರೊಳಗೆ ಯಾವ ಬ್ರಿಡ್ಜ್ ಇದೆ ಅಂತ ನೋಡಿ ಜೇಸನ್ ಮೆಸೇಜ್ ಕಳಿಸಿ, ಉತ್ತರ ಪ್ರಾಮಿಸಲ್ಲಿ ವಾಪಸ್ ಬರ್ಲಿ. ವೆಬ್‌ವ್ಯೂ2ರಲ್ಲಿ ಆ್ಯಪಿನ ಆಬ್ಜೆಕ್ಟನ್ನೇ ಪೇಜಿಗೆ ಕೊಡೋ ಸೌಲಭ್ಯ ಇದೆ, ಆಸೆ ಆಗತ್ತೆ, ಆದ್ರೆ ಫೋನಿಗೂ ಅದೇ ಪೇಜ್ ಹೋಗೋದಾದ್ರೆ ಮೆಸೇಜ್ ದಾರಿನೇ ಹಿಡೀರಿ.

ಆಂಡ್ರಾಯ್ಡಲ್ಲಿ ಹುಷಾರು. ಜಾವಾಸ್ಕ್ರಿಪ್ಟ್ ಇಂಟರ್ಫೇಸ್ ಸೇರ್ಸಿದ್ರೆ ಅದು ಆ ಪೇಜಿನ ಎಲ್ಲಾ ಫ್ರೇಮ್‌ಗಳಿಗೂ ಸಿಗತ್ತೆ, ಜಾಹೀರಾತಿನ ಐಫ್ರೇಮಿಗೂ. ಆಂಡ್ರಾಯ್ಡ್ 4.2ಕ್ಕಿಂತ ಹಿಂದೆ ಇದ್ರಿಂದ ರಿಫ್ಲೆಕ್ಷನ್ (ಓಡ್ತಿರೋವಾಗ್ಲೇ ಹೆಸರಿಂದ ಕ್ಲಾಸ್ ಹುಡುಕೋ ಜಾವಾ ಸೌಲಭ್ಯ) ಮೂಲಕ ಯಾವ ಕೋಡ್ ಬೇಕಾದ್ರೂ ಓಡ್ಸಬಹುದಿತ್ತು, ಅದಕ್ಕೇ ಈಗ ಪೇಜಿಗೆ ಕೊಡೋ ಪ್ರತಿ ಮೆಥಡ್ ಮೇಲೂ ಜಾವಾಸ್ಕ್ರಿಪ್ಟ್ ಇಂಟರ್ಫೇಸ್ ಅನ್ನೋ ಗುರುತು ಹಾಕ್ಬೇಕಾಗಿರೋದು. ಈಗ ಆಂಡ್ರಾಯ್ಡ್‌ಎಕ್ಸ್ ವೆಬ್‌ಕಿಟ್ ಲೈಬ್ರರಿಯಲ್ಲಿ ವೆಬ್ ಮೆಸೇಜ್ ಲಿಸನರ್ ಇದೆ, ಯಾವ ಆರಿಜಿನ್ನಿಂದ (ಪೇಜ್ ಬಂದ ಸೈಟಿನ ಮೂಲ ಅಡ್ರೆಸ್) ಬಂದ ಮೆಸೇಜ್ ಮಾತ್ರ ಕೇಳ್ಬೇಕು ಅಂತ ಹೇಳಬಹುದು, ಹೊಸ ಕೋಡಿಗೆ ಅದನ್ನೇ ಬಳ್ಸಿ. ಹಳೇದನ್ನೇ ಬಳ್ಸೋದಾದ್ರೆ ಇನ್ನೊಂದು ಗೊತ್ತಿರ್ಲಿ: ಆ ಮೆಥಡ್‌ಗಳು ಓಡೋದು ಯುಐ ಥ್ರೆಡಲ್ಲಿ ಅಲ್ಲ, ಹಿಂದಿನ ಬೇರೆ ಥ್ರೆಡಲ್ಲಿ, ಅಲ್ಲಿಂದ ನೇರ ವೆಬ್‌ವ್ಯೂ ಮುಟ್ಟಿದ್ರೆ ಎರರ್. ಎಲೆಕ್ಟ್ರಾನಲ್ಲಿ ಕಾಂಟೆಕ್ಸ್ಟ್ ಐಸೊಲೇಶನ್ (ಪೇಜಿನ ಕೋಡನ್ನ ಆ್ಯಪಿನ ಕೋಡಿಂದ ಬೇರೆ ಇಡೋದು) 12ನೇ ಆವೃತ್ತಿಯಿಂದ, ಸ್ಯಾಂಡ್‌ಬಾಕ್ಸ್ (ಸಿಸ್ಟಮ್ ಮುಟ್ಟದ ಹಾಗೆ ಹಾಕೋ ಬೇಲಿ) 20ರಿಂದ ಡೀಫಾಲ್ಟಾಗಿ ಆನ್ ಇದೆ. ಯಾವ್ದೋ ಹಳೇ ಉತ್ತರ ನೋಡ್ಕೊಂಡು ಅದನ್ನ ಆಫ್ ಮಾಡೋರು ಇವತ್ತಿಗೂ ಇದಾರೆ. ಪೇಜಲ್ಲಿ ಒಂದು ಸ್ಕ್ರಿಪ್ಟ್ ನುಗ್ಗಿದ್ರೆ ಯೂಸರ್‌ನ ಇಡೀ ಡಿಸ್ಕ್ ಅದರ ಕೈಗೆ ಹೋಗತ್ತೆ ಸ್ವಾಮಿ, ಫೋನಲ್ಲಾದ್ರೆ ಆ್ಯಪಿನ ಸ್ಯಾಂಡ್‌ಬಾಕ್ಸ್ ಸ್ವಲ್ಪನಾದ್ರೂ ಅಡ್ಡ ನಿಲ್ಲತ್ತೆ.

ಹೆಜ್ಜೆ 6: ಆ್ಯಪ್ ಜೊತೆ ಬರೋ ಫೈಲ್‌ಗಳು

ಎಚ್‌ಟಿಎಂಎಲ್ ಎಲ್ಲಾ ಆ್ಯಪ್ ಒಳಗೇ ಇಟ್ಟಿದೀರಾ ಅಂದ್ರೆ ಫೈಲ್ ಅಡ್ರೆಸಿಂದ ತೆಗೀಬೇಡಿ. ಫೆಚ್ ಓಡಲ್ಲ, ಮಾಡ್ಯೂಲ್ ಸ್ಕ್ರಿಪ್ಟ್ ಬರಲ್ಲ, ಆರಿಜಿನ್ ಅಂತ ಒಂದು ಇರೋದೇ ಇಲ್ಲ. ಪ್ರತಿ ಕಡೆನೂ ಒಂದು ಸುಳ್ಳು ಡೊಮೇನ್ ಕೊಡೋ ವ್ಯವಸ್ಥೆ ಇದೆ: ವೆಬ್‌ವ್ಯೂ2ರಲ್ಲಿ ವರ್ಚುವಲ್ ಹೋಸ್ಟ್ ಮ್ಯಾಪಿಂಗ್, ಆಂಡ್ರಾಯ್ಡಲ್ಲಿ ವೆಬ್‌ವ್ಯೂ ಅಸೆಟ್ ಲೋಡರ್, ಆ್ಯಪಲ್ ಕಡೆ ಯುಆರ್‌ಎಲ್ ಸ್ಕೀಮ್ ಹ್ಯಾಂಡ್ಲರ್. ಕೊನೇದ್ರಲ್ಲಿ ಎಚ್‌ಟಿಟಿಪಿಎಸ್ ಹೆಸರನ್ನೇ ಹಿಡಿಯೋಕೆ ಬಿಡಲ್ಲ, ಸ್ವಂತ ಸ್ಕೀಮ್ ಹೆಸರು ಇಟ್ಕೋಬೇಕು, ಹಂಗಾಗಿ ಆರಿಜಿನ್ ನೋಡಿ ಉತ್ತರ ಕೊಡೋ ನಿಮ್ಮ ಸರ್ವರಿಗೆ ಆ ಹೆಸರನ್ನೂ ಪರಿಚಯ ಮಾಡ್ಸಿ.

ಹೆಜ್ಜೆ 7: ಸಾಯೋದಕ್ಕೆ ತಯಾರಾಗಿ

ಡೆಸ್ಕ್‌ಟಾಪಲ್ಲಿ ಮೆಮೊರಿ ತುಂಬಿದ್ರೆ ಆ್ಯಪ್ ನಿಧಾನ ಆಗತ್ತೆ, ಯೂಸರ್ ಬೈಕೊಂಡು ಕಾಯ್ತಾರೆ. ಫೋನಲ್ಲಿ ಸಿಸ್ಟಮ್ ಕಾಯಲ್ಲ, ಪೇಜ್ ಓಡ್ತಿರೋ ರೆಂಡರರ್ ಪ್ರೊಸೆಸನ್ನ ಕೊಂದುಬಿಡತ್ತೆ. ಯೂಸರ್ ಕ್ಯಾಮೆರಾ ಆ್ಯಪಿಗೆ ಹೋಗಿ ಒಂದು ಫೋಟೋ ತೆಗೆದು ವಾಪಸ್ ಬರೋ ಹೊತ್ತಿಗೆ ನಿಮ್ಮ ಪೇಜ್ ಇರಲ್ಲ. ಐಫೋನಲ್ಲಿ ಆ್ಯಪ್ ಬದುಕಿರತ್ತೆ ಆದ್ರೆ ವೆಬ್‌ವ್ಯೂ ಬೆಳ್ಳಗಾಗಿರತ್ತೆ, ವೆಬ್ ಕಂಟೆಂಟ್ ಪ್ರೊಸೆಸ್ ಸತ್ತಿದೆ ಅಂತ ಡೆಲಿಗೇಟಿಗೆ ಒಂದು ಮಾತು ಬರತ್ತೆ, ಅಲ್ಲಿ ರೀಲೋಡ್ ಮಾಡಿ. ಆಂಡ್ರಾಯ್ಡಲ್ಲಿ ಇನ್ನೂ ಕಠಿಣ. 8.0ರಿಂದ ರೆಂಡರರ್ ಬೇರೆ ಪ್ರೊಸೆಸಲ್ಲಿ ಓಡತ್ತೆ, ಅದು ಸತ್ತಾಗ ಆನ್ ರೆಂಡರ್ ಪ್ರೊಸೆಸ್ ಗಾನ್ ಅನ್ನೋದನ್ನ ನೀವು ಬರೆದು ಟ್ರೂ ಅಂತ ವಾಪಸ್ ಕೊಡದೇ ಇದ್ರೆ ನಿಮ್ಮ ಇಡೀ ಆ್ಯಪೇ ಅದರ ಜೊತೆ ಸಹಗಮನ. ಬರೆದ್ರೂ ಅದೇ ವೆಬ್‌ವ್ಯೂನ ಮತ್ತೆ ಬಳ್ಸೋ ಹಾಗಿಲ್ಲ, ಕಿತ್ತು ಹೊಸದು ಮಾಡ್ಬೇಕು, ಆ್ಯಪಲ್ಲಿರೋ ಎಲ್ಲಾ ವೆಬ್‌ವ್ಯೂಗಳೂ ಒಂದೇ ರೆಂಡರರ್ ಹಂಚ್ಕೊಂಡಿರೋದ್ರಿಂದ ಎಲ್ಲವನ್ನೂ. ಹಂಗಾಗಿ ಪೇಜ್ ಬರೆಯೋರೇ ಫಾರ್ಮ್ ತುಂಬ್ತಾ ತುಂಬ್ತಾ ಡೇಟಾ ಉಳಿಸ್ತಾ ಹೋಗ್ಬೇಕು, ಕೊನೇಲಿ ಸೇವ್ ಒತ್ತಿದಾಗ ಉಳಿಸ್ತೀನಿ ಅನ್ನೋದು ಡೆಸ್ಕ್‌ಟಾಪಿನ ಸೋಮಾರಿತನ.

ವೆಬ್‌ವ್ಯೂ2ರಲ್ಲೂ ಪ್ರೊಸೆಸ್ ಫೇಲ್ಡ್ ಅನ್ನೋ ಈವೆಂಟ್ ಇದೆ, ಎಲೆಕ್ಟ್ರಾನಲ್ಲೂ ಅಂಥದ್ದೇ ಒಂದಿದೆ, ಕಮ್ಮಿ ಸಲ ಬರತ್ತೆ ಅಷ್ಟೇ.

ಹೆಜ್ಜೆ 8: ಸ್ಕ್ರೀನ್ ಮತ್ತೆ ಕೀಬೋರ್ಡ್

ಡೆಸ್ಕ್‌ಟಾಪಲ್ಲಿ ಕೀಬೋರ್ಡ್ ಮೇಜಿನ ಮೇಲಿರತ್ತೆ, ಫೋನಲ್ಲಿ ನಿಮ್ಮ ಪೇಜಿನ ಅರ್ಧ ಮೇಲೆ ಕೂರತ್ತೆ. ಕೆಳಗೆ ಅಂಟಿಸಿದ ಬಟನ್ ಅದರ ಹಿಂದೆ ಮಾಯ ಆಗತ್ತೆ. ನೂರು ವಿಎಚ್ (ಸ್ಕ್ರೀನಿನ ಪೂರ್ತಿ ಎತ್ತರ ಅನ್ನೋ ಸಿಎಸ್‌ಎಸ್ ಅಳತೆ) ನಂಬಬೇಡಿ, ಡಿವಿಎಚ್ ಕೂಡ ಡೀಫಾಲ್ಟಾಗಿ ಕೀಬೋರ್ಡನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಜಾವಾಸ್ಕ್ರಿಪ್ಟಿನ ವಿಷುವಲ್ ವ್ಯೂಪೋರ್ಟಿಂದ ನಿಜವಾಗಿ ಕಾಣೋ ಎತ್ತರ ತಿಳ್ಕೊಳ್ಳಿ. ಐಫೋನಲ್ಲಿ ಇನ್‌ಪುಟಿನ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಿದ್ರೆ ಒತ್ತಿದ ತಕ್ಷಣ ಪೇಜ್ ಝೂಮ್ ಆಗತ್ತೆ, ವಾಪಸ್ ಹೋಗಲ್ಲ, ಯೂಸರ್ ಕಿರಿಕಿರಿ ಮಾಡ್ಕೊಳ್ತಾರೆ. ಮೌಸ್ ಮೇಲಿಟ್ರೆ ತೆಗೆಯೋ ಮೆನು ಬೆರಳಿಗೆ ಸಿಗಲ್ಲ. ನಾಚ್ ಇರೋ ಫೋನಿಗೆ ಸೇಫ್ ಏರಿಯಾ ಇನ್‌ಸೆಟ್ ಹಾಕಿ, ಆಂಡ್ರಾಯ್ಡ್ 15ನ್ನ ಟಾರ್ಗೆಟ್ ಮಾಡಿದ್ರೆ ಆ್ಯಪ್ ಅಂಚಿಂದ ಅಂಚಿಗೆ ಹರಡೋದ್ರಿಂದ ಅಲ್ಲೂ ಇದು ಬೇಕೇ ಬೇಕು.

ಹೆಜ್ಜೆ 9: ಡೀಬಗ್, ಟೆಸ್ಟ್

ವೆಬ್‌ವ್ಯೂ2ರಲ್ಲಿ ಎಫ್12 ಒತ್ತಿದ್ರೆ ಡೆವ್‌ಟೂಲ್ಸ್ ಬರತ್ತೆ, ರಿಲೀಸ್ ಮಾಡುವಾಗ ಅದನ್ನ ಆಫ್ ಮಾಡೋದು ಮರೀಬೇಡಿ. ಆಂಡ್ರಾಯ್ಡಲ್ಲಿ ವೆಬ್ ಕಂಟೆಂಟ್ಸ್ ಡೀಬಗಿಂಗ್ ಆನ್ ಮಾಡಿ, ಫೋನನ್ನ ಕೇಬಲಲ್ಲಿ ಸೇರ್ಸಿ, ಕಂಪ್ಯೂಟರಿನ ಕ್ರೋಮಲ್ಲಿ ಇನ್‌ಸ್ಪೆಕ್ಟ್ ಪೇಜ್ ತೆಗೀರಿ. ಐಫೋನಿಗೆ ಮ್ಯಾಕ್ ಬೇಕು, ಸಫಾರಿಯ ಡೆವಲಪ್ ಮೆನು ಬೇಕು, ಐಒಎಸ್ 16.4ರಿಂದ ವೆಬ್‌ವ್ಯೂ ಮೇಲೆ ಇನ್‌ಸ್ಪೆಕ್ಟಬಲ್ ಅನ್ನೋದನ್ನ ಟ್ರೂ ಮಾಡಿರ್ಬೇಕು, ಇಲ್ಲಾಂದ್ರೆ ಮೆನುವಲ್ಲಿ ನಿಮ್ಮ ಪೇಜೇ ಕಾಣಲ್ಲ.

ಆಂಡ್ರಾಯ್ಡ್ ಆವೃತ್ತಿ ಒಂದನ್ನೇ ಬಗ್ ರಿಪೋರ್ಟಲ್ಲಿ ಬರ್ಕೊಂಡ್ರೆ ಏನೂ ಉಪಯೋಗ ಇಲ್ಲ, ಒಂದೇ ಆಂಡ್ರಾಯ್ಡ್ ಇರೋ ಎರಡು ಫೋನಲ್ಲಿ ವೆಬ್‌ವ್ಯೂ ಬೇರೆ ಬೇರೆ ಇರಬಹುದು. ಯೂಸರ್ ಏಜೆಂಟ್ ಸಾಲನ್ನ ಲಾಗ್ ಮಾಡ್ಕೊಳ್ಳಿ, ಅದ್ರಲ್ಲಿ ಕ್ರೋಮ್ ಸಂಖ್ಯೆ ಇರತ್ತೆ. ಡೆವಲಪರ್ ಆಪ್ಷನಲ್ಲಿ ವೆಬ್‌ವ್ಯೂ ಇಂಪ್ಲಿಮೆಂಟೇಶನ್ ಅನ್ನೋ ಕಡೆ ಈಗ ಯಾವ್ದು ಓಡ್ತಿದೆ ಅಂತಾನೂ ಕಾಣತ್ತೆ, ಬೀಟಾ ವೆಬ್‌ವ್ಯೂ ಹಾಕ್ಕೊಂಡು ಅಲ್ಲೇ ಬದಲಾಯ್ಸಿದ್ರೆ ಮುಂದಿನ ಅಪ್‌ಡೇಟಲ್ಲಿ ಏನು ಒಡೆಯತ್ತೆ ಅಂತ ಯೂಸರಿಗಿಂತ ಮೊದಲು ನಿಮಗೆ ಗೊತ್ತಾಗತ್ತೆ. ಕೊನೇದಾಗಿ ಟೆಸ್ಟ್ ಬಿಲ್ಡಲ್ಲಿ ವೆಬ್‌ವ್ಯೂಗೆ ಕ್ರೋಮಿನ ಕ್ರ್ಯಾಶ್ ಅಡ್ರೆಸ್ ಲೋಡ್ ಮಾಡೋ ಒಂದು ಗುಪ್ತ ಬಟನ್ ಇಡಿ, ಒತ್ತಿದ ತಕ್ಷಣ ರೆಂಡರರ್ ಸಾಯತ್ತೆ. ಏಳನೇ ಹೆಜ್ಜೆಲಿ ಬರೆದ ಕೋಡ್ ಸರಿ ಇದ್ರೆ ಒಂದೆರಡು ಸೆಕೆಂಡಲ್ಲಿ ಪೇಜ್ ವಾಪಸ್ ಬರತ್ತೆ, ಫಾರ್ಮಲ್ಲಿ ತುಂಬಿದ್ದೂ ಹಂಗೇ ಇರತ್ತೆ.